ಹೆಜ್ಜೇನಿನ ಕೆಳಗೆ ಬೆಲ್ಲದ ಕಾಫಿ

ಹೆಜ್ಜೇನು ಕುಟುಕಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಒಂದು ಹುಳ ಚುಚ್ಚಿದ ಕೂಡಲೇ ಆ ವಾಸನೆ ಗಾಳಿಗೆ ಸೇರಿ ಉಳಿದ ಹುಳಗಳನ್ನೂ ಅದೇ ಜಾಗಕ್ಕೆ ಕರೆಯುತ್ತದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇದನ್ನು ಎಷ್ಟೋ ಸಲ ಹೇಳಿದ್ದೆ. ಬಣಕಲ್ ಹತ್ತಿರದ ಆ ಕಾಫಿ ತೋಟದಲ್ಲಿ, ಮೆಣಸು ಆರಿಸುತ್ತಿದ್ದ ಹೆಂಗಸೊಬ್ಬಳನ್ನು ಎತ್ತಿ ಜೀಪಿಗೆ ಹಾಕುವಾಗ ಅವಳ ಸೆರಗಿನಿಂದ ಅದೇ ವಾಸನೆ ಮೂಗಿಗೆ ಬಡಿಯಿತು. ಪಾಠವೆಲ್ಲ ಮರೆತುಹೋಯಿತು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಮುಳ್ಳು ಕೆರೆದು ತೆಗೆದು ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ನನ್ನ ಬುತ್ತಿ ಡಬ್ಬಿ ಅಲ್ಲೇ ಉಳೀತಲ್ಲ" ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನಾನು ಆ ತೋಟದವಳಲ್ಲ. ರೊಬಸ್ಟಾ ಹೂವಿಗೆ ಯಾವ ಯಾವ ಹುಳ ಬರುತ್ತವೆ ಎಂದು ನೋಡುವ ಸಮೀಕ್ಷೆಯೊಂದರ ಕೆಲಸಕ್ಕೆ ಹೋಗಿದ್ದೆ. ಹೂವಿನ ಕಾಲ ಮುಗಿಯುವವರೆಗೆ ಲೆಕ್ಕ ಬರೆಯುವ ರೈಟರಿಗೆಂದು ಕಟ್ಟಿದ್ದ ಹಳೆಯ ಕ್ವಾರ್ಟರ್ಸಿನಲ್ಲಿ ಇರಲು ತೋಟದ ಯಜಮಾನರಾದ ಗೌಡರು ಒಪ್ಪಿದ್ದರು. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಿಕೊಳ್ಳುತ್ತದೆ. ರೊಬಸ್ಟಾದ ಕೈಲಿ ಅದು ಆಗುವುದಿಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಷ್ಟು ತಂದುಕೊಡುತ್ತದೆ, ಉಳಿದದ್ದು ಜೇನಿನ ಕೆಲಸ. ಆ ತೋಟದ ಕೆಳಭಾಗದಲ್ಲಿ, ಹಳ್ಳದ ದಂಡೆಯ ಮೇಲೆ, ದೊಡ್ಡದೊಂದು ಬೂರುಗದ ಮರವಿತ್ತು. ಅದರ ಕೊಂಬೆಗಳಿಗೆ ಮೊರದಂಥ ಗೆರಸಿಗಳನ್ನು ನೇತುಹಾಕಿದಂತೆ ಹೆಜ್ಜೇನಿನ ಹುಟ್ಟುಗಳು. ನನ್ನ ಕೆಲಸದ ಮುಕ್ಕಾಲು ಪಾಲು ಆ ಮರವನ್ನೇ ನಂಬಿಕೊಂಡಿತ್ತು.

ಆಸ್ಪತ್ರೆಯಿಂದ ವಾಪಸು ಬಂದ ಕೂಡಲೇ ಗೌಡರು ಕಣದಲ್ಲಿ ಆಳುಗಳನ್ನೆಲ್ಲ ಸೇರಿಸಿದರು. ಗೌಡರು ಕೆಟ್ಟವರಲ್ಲ. ಜೀಪು ಓಡಿಸಿಕೊಂಡು ಆಸ್ಪತ್ರೆಗೆ ಬಂದವರೂ ಅವರೇ, ಔಷಧಿಗೆ ಓಡಾಡಿದವರೂ ಅವರೇ. ಆದರೆ ತೋಟದಲ್ಲಿ ಏನಾದರೂ ಆದರೆ ಆ ಸಂಜೆಯೊಳಗೆ ಯಾರದಾದರೂ ತಪ್ಪೆಂದು ತೀರ್ಮಾನವಾಗಲೇಬೇಕು, ಅದು ಅವರ ರೀತಿ.

"ಹೊಗೆ. ಮತ್ತೇನೂ ಅಲ್ಲ," ಎಂದರು. "ಆ ಮರದ ಬುಡದಲ್ಲಿ ಕಾಫಿ ಕಾಯಿಸ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ? ಬೆಂಕಿ ಹಾಕ್ಸಿದ್ದು ಯಾರು?"

ಹೆಣ್ಣಾಳುಗಳ ಮೇಸ್ತ್ರಿ ಮುಂದೆ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಎಲ್ಲರ ಬಾಯಲ್ಲೂ ಮೇಸ್ತ್ರಿ ಅಕ್ಕ.

"ನಾನೇ ಹಾಕ್ಸಿದ್ದು ಗೌಡ್ರೇ. ಆ ಕಲ್ಲಿನ ಹತ್ರ ಕಾಫಿ ಕಾಯ್ಸೋದು ನಮ್ಮತ್ತೆ ಕಾಲದಿಂದ ನಡ್ಕಂಡ್ ಬಂದಿದೆ. ಇಷ್ಟು ವರ್ಷ ಏಳದಿದ್ದ ಜೇನು ಇವತ್ತು ಎಂತಕ್ಕೆ ಎದ್ದಿದ್ದು?"

"ಅದನ್ನ ಜೇನನ್ನೇ ಕೇಳು. ಇನ್ಮೇಲೆ ಆ ಮರದ ಹತ್ರ ಒಲೆ ಇಲ್ಲ. ಅಮಾವಾಸ್ಯೆ ಕಳೀಲಿ, ಮೇಸ್ತ್ರಿ ಕೆಲಸಾನೂ ಬೇರೆಯವ್ರು ನೋಡ್ಕೋತಾರೆ. ಅಮಾವಾಸ್ಯೆ ದಿನ ಸೂಡಿ ಹಚ್ಚೋರು ಬರ್ತಾರೆ, ಮರಾನೂ ಖಾಲಿ ಮಾಡಿಸ್ತೀನಿ."

ಸೂಡಿ ಎಂದರೆ ಒಣ ಸೊಪ್ಪಿನ ಪಂಜು. ಹೆಜ್ಜೇನಿಗೆ ಕತ್ತಲಲ್ಲಿ ದಿಕ್ಕು ಕಾಣುವುದಿಲ್ಲ, ಅದಕ್ಕೇ ಬೆಳದಿಂಗಳಿಲ್ಲದ ದಿನ ಹುಡುಕಿ ಸುಡುತ್ತಾರೆ. ಕಿಡಿಯ ಬೆಳಕಿನ ಹಿಂದೆ ಹಾರಿದ ಹುಳಗಳು ನೆಲಕ್ಕೆ ಬಿದ್ದು ಸಾಯುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆ, ಇಲ್ಲಿ ಎಮ್ಮೆಯ ಜೊತೆಗೆ ಮೇಸ್ತ್ರಿ ಅಕ್ಕನಿಗೂ ಬರೆ ಬೀಳುವುದರಲ್ಲಿತ್ತು. ನನಗೆ ತಡೆಯಲಾಗಲಿಲ್ಲ.

"ಗೌಡ್ರೇ, ಅಷ್ಟು ಕೆಳಗಿನ ಒಲೆ ಹೊಗೆಗೆ ಹೆಜ್ಜೇನು ಏಳೋದಿಲ್ಲ. ಗಿಡುಗ ಬಂದು ಹುಟ್ಟಿಗೆ ಹೊಡೆದಿರಬೇಕು. ಜೇನು ತಿನ್ನೋ ಗಿಡುಗ ಒಂದಿದೆ. ಅದು ಹೊಡೆದು ಹೋಗುತ್ತೆ, ಸಿಟ್ಟಿಗೆದ್ದ ಹುಳ ಕೆಳಗಿದ್ದವರ ಮೇಲೆ ಬೀಳುತ್ತೆ."

"ಹಕ್ಕಿ ಮಾಡಿದ್ದಾ ಇದು?" ಗೌಡರು ನಕ್ಕರು. ಆಳುಗಳಲ್ಲೂ ಒಂದಿಬ್ಬರು ನಕ್ಕರು. "ಓದಿದವ್ರ ಮಾತು ಕೇಳೋಕೆ ಚಂದ. ಅಮಾವಾಸ್ಯೆ ತನಕ ಹೇಗೂ ಯಾರೂ ಮರ ಹತ್ತಲ್ಲ. ಅಷ್ಟರೊಳಗೆ ನಿಮ್ಮ ಹಕ್ಕಿ ಹಿಡ್ಕೊಂಡು ಬನ್ನಿ ಮೇಡಂ."

ಹಾಗೆ ನನಗೆ ವಾಯಿದೆ ಸಿಕ್ಕಿತು.

ಮಾರನೆಯ ದಿನದಿಂದ ಹೂವಿನ ಕೆಲಸ ಬದಿಗಿಟ್ಟು ಮರದೆದುರಿನ ದಿಬ್ಬದ ಮೇಲೆ ಬೈನಾಕ್ಯುಲರ್ ಹಿಡಿದು ಕೂತೆ. ಹೆಜ್ಜೇನಿನ ಹುಟ್ಟು ಗೂಡಲ್ಲ, ಅದಕ್ಕೆ ಗೋಡೆಯಿಲ್ಲ, ಸೂರಿಲ್ಲ. ಒಂದೇ ಒಂದು ಮೇಣದ ಎರಿ ಕೊಂಬೆಗೆ ಜೋತುಬಿದ್ದಿರುತ್ತದೆ. ಅದರ ಮೇಲೆ ಹುಳಗಳೇ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತು ಪರದೆಯಾಗುತ್ತವೆ. ಮಳೆ ಬಂದರೂ ಬಿಸಿಲು ಬಂದರೂ ತಡೆಯುವುದು ಆ ಮೈಗಳೇ. ಬಯಲಲ್ಲಿ ಮನೆ ಕಟ್ಟಿಕೊಂಡ ಮೇಲೆ ಅವು ಕಾಯುವ ರೀತಿಯೂ ಬೇರೆಯೇ ಆಗಿದೆ.

ಒಂದು ದಿನ ದೊಡ್ಡ ಕಣಜದ ಹುಳವೊಂದು ಹುಟ್ಟಿನ ಹತ್ತಿರ ಸುಳಿಯಿತು. ಅದಕ್ಕೆ ಎದುರಾಗಿದ್ದ ಹುಳಗಳು ಪಟ್ಟನೆ ಹೊಟ್ಟೆ ಎತ್ತಿ ಇಳಿಸಿದವು, ಅವುಗಳ ಪಕ್ಕದವೂ ಎತ್ತಿದವು, ಅವುಗಳ ಪಕ್ಕದವೂ. ಭತ್ತದ ಪೈರಿನ ಮೇಲೆ ಗಾಳಿ ಹಾದಂತೆ ಇಡೀ ಹುಟ್ಟಿನ ಮೇಲೆ ಅಲೆಯೊಂದು ಸರಿಯಿತು. ಮತ್ತೊಂದು, ಮಗದೊಂದು. ಕಣಜ ಗಾಳಿಯಲ್ಲೇ ನಿಂತು, ಹಿಂದೆ ಸರಿದು, ಹೋಗಿಯೇಬಿಟ್ಟಿತು. ಒಂದು ಹುಳವೂ ಹಾರಲಿಲ್ಲ, ಒಂದು ಮುಳ್ಳೂ ಖರ್ಚಾಗಲಿಲ್ಲ. "ನಿನ್ನನ್ನು ನೋಡಿದ್ದೇವೆ, ನಾವೆಲ್ಲ ಇದ್ದೇವೆ" ಎಂದು ಹೇಳುವ ರೀತಿ ಅದು. ಆದರೆ ಈ ಉಪಾಯಕ್ಕೆ ಒಂದು ಮಿತಿಯಿದೆ. ಬೆದರಿಕೆಯ ಅರ್ಥ ತಿಳಿಯುವ ವೈರಿಯ ಮುಂದೆ ಮಾತ್ರ ಅದು ನಡೆಯುತ್ತದೆ.

ಗಿಡುಗ ಮಾತ್ರ ಬರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಆಕಾಶ ನೋಡಿ ಕತ್ತು ನೋಯಿಸಿಕೊಂಡು ಬರುವುದೇ ಆಯಿತು. ದಾರಿಯಲ್ಲಿ ಸಿಕ್ಕ ಗೌಡರು, "ಹಕ್ಕಿಗೆ ಬಸ್ ತಪ್ಪಿತೇನೋ ಮೇಡಂ" ಎನ್ನುತ್ತಿದ್ದರು.

ಅಮಾವಾಸ್ಯೆ ಹತ್ತಿರವಾಗುತ್ತಿದ್ದಾಗ ಒಂದು ಬೆಳಿಗ್ಗೆ ದಿಬ್ಬ ಬಿಟ್ಟು ಮರದ ಬುಡಕ್ಕೇ ಹೋದೆ. ಹಿಕ್ಕೆ, ಸತ್ತ ಹುಳ, ಎರಿಯ ಚೂರು ಏನಾದರೂ ಬಿದ್ದಿದೆಯೇ ನೋಡೋಣವೆಂದು. ಜೊತೆಗೆ ಬಂದ ಮೇಸ್ತ್ರಿ ಅಕ್ಕ ಫ್ಲಾಸ್ಕಿನಲ್ಲಿ ಮನೆಯಲ್ಲೇ ಕಾಸಿದ ಕಾಫಿ ತಂದಿದ್ದರು. ಒಲೆ ನಿಷೇಧವಾದ ಮೇಲೆ ಆ ಕಲ್ಲುಗಳು ತಣ್ಣಗಿದ್ದವು. ಹೆಂಗಸರು ತೋಟದ ಇನ್ನೊಂದು ಪಟ್ಟಿಯಲ್ಲಿ ಕೆಲಸಕ್ಕಿದ್ದರು.

"ಬೇಗ ಕುಡ್ದು ಮೇಲೆ ಹೋಗಣ ಮೇಡಂ, ಎಂತಕೋ ಶಬ್ದ ಸರಿ ಇಲ್ಲ," ಎಂದರು ಮೇಸ್ತ್ರಿ ಅಕ್ಕ.

ಅವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಮೇಲಿನ ಗುಂಯ್ ಎನ್ನುವ ಸದ್ದು ದಪ್ಪವಾಯಿತು. ಕತ್ತಿನ ಹಿಂದೆ ಕೆಂಡ ಇಟ್ಟಂತಾಯಿತು, ಕಿವಿಯ ಮೇಲೆ ಇನ್ನೊಂದು. ನಾನು ಓಡಲು ಹೊರಟೆ. ಮೇಸ್ತ್ರಿ ಅಕ್ಕ ನನ್ನ ಜಡೆ ಹಿಡಿದು ಎಳೆದು ಕೆಡವಿ, ಹೆಗಲ ಮೇಲಿದ್ದ ಕಂಬಳಿಯನ್ನು ಇಬ್ಬರ ಮೇಲೂ ಹಾಕಿಕೊಂಡು ಅಂಚುಗಳನ್ನು ಮೈಯಡಿಗೆ ಸೇರಿಸಿಕೊಂಡರು. ಅಲ್ಲಿನ ಹೆಂಗಸರು ಬೇಸಿಗೆಯಲ್ಲೂ ಕಂಬಳಿ ಬಿಡದೆ ಹೊತ್ತು ಬರುವುದು ಚಳಿಗಲ್ಲ.

ಕತ್ತಲೆಯಲ್ಲಿ ಮುಖಕ್ಕೆ ಮುಖ ಹತ್ತಿಸಿ ಮಲಗಿದ್ದೆವು. ನನ್ನ ಕತ್ತಿನಿಂದಲೇ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ. ಗಿಡುಗ ಬರುವುದನ್ನೂ ನಾನು ಕಂಡಿರಲಿಲ್ಲ. ಗೌಡರ ವಾದವೂ ಸುಳ್ಳು, ನನ್ನದೂ ಸುಳ್ಳು ಎಂದುಕೊಂಡೆ. ಆಗ ಕಂಬಳಿಯ ಮೇಲೆ ಟಪಟಪ ಹನಿ ಬಿತ್ತು. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಪಟಪ. ಮತ್ತೆ ನಿಂತಿತು.

"ಮಳೆಯಾ ಅಕ್ಕ?"

"ಈ ಬಿಸ್ಲಿಗೆ ಎಲ್ಲಿ ಮಳೆ ಮಾರಾಯ್ರೆ! ಮೇಲೆ ನೀರಿನ ಜೆಟ್ ತಿರುಗ್ತಿದೆ ಅಷ್ಟೇ."

ಜೆಟ್! ಕಂಬಳಿಯೊಳಗೆ ನೋವಿನಲ್ಲೂ ನನಗೆ ನಗು ಬಂತು. ಇಷ್ಟು ದಿನ ಆಕಾಶ ನೋಡುತ್ತಾ ಕೂತವಳಿಗೆ ಎದುರಿನ ನೀರು ಕಂಡಿರಲಿಲ್ಲ.

ಗಲಾಟೆ ಸ್ವಲ್ಪ ತಗ್ಗಿದಾಗ ತೆವಳಿಕೊಂಡು ಹೊರಬಂದು, ಮೊದಲು ಮುಳ್ಳು ಕೀಳಿಸಿಕೊಂಡೆ, ಆಮೇಲೆ ಬಳಸುದಾರಿಯಲ್ಲಿ ಮೇಲಿನ ರಸ್ತೆಗೆ ಹತ್ತಿದೆ. ಹೂಮಳೆ ಕೈಕೊಟ್ಟರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸುತ್ತಾರೆ. ಕೊಳವೆಯ ತುದಿಯಲ್ಲಿ ದೊಡ್ಡ ಜೆಟ್ ನಿಧಾನವಾಗಿ ಸುತ್ತುತ್ತಾ ನೀರು ಎಸೆಯುತ್ತದೆ. ಒಂದು ಜಾಗ ನೆನೆದ ಮೇಲೆ ಪೈಪು ಕಳಚಿ ಮುಂದಿನ ಜಾಗಕ್ಕೆ ಹೊರಬೇಕು. ಇಳಿಜಾರಿನಲ್ಲಿ ಪೈಪು ಹೊರುವುದು ಸೊಂಟ ಮುರಿಯುವ ಕೆಲಸ. ಆ ವರ್ಷ ಗೌಡರು ಹೊಸ ಪಂಪು ತಂದು, ಜೆಟ್ ನಿಲ್ಲಿಸುವ ಕಂಬವನ್ನು ಉದ್ದ ಮಾಡಿಸಿದ್ದರು. ಮೇಲೊಂದು ಕಡೆ, ಕೆಳಗೊಂದು ಕಡೆ ಇಡುವ ಬದಲು ರಸ್ತೆಯಂಚಿನಲ್ಲಿ ಒಂದೇ ಕಡೆ ಇಟ್ಟರೆ ಇಡೀ ಪಟ್ಟಿಗೆ ನೀರು ಬೀಳುತ್ತಿತ್ತು. ಅಕ್ಕಪಕ್ಕದ ತೋಟದವರು ಬಂದು ನೋಡಿ ಹೊಗಳಿ ಹೋಗಿದ್ದರು.

ಆದರೆ ಆ ರಸ್ತೆಯಂಚು ಹಳ್ಳದಲ್ಲಿದ್ದ ಬೂರುಗದ ಕೊಂಬೆಗಳಿಗೆ ಸರಿಸಮ ಎತ್ತರದಲ್ಲಿತ್ತು. ಬೈನಾಕ್ಯುಲರ್ ಇಟ್ಟು ನೋಡಿದೆ. ಜೆಟ್ ಸುತ್ತಿ ಸುತ್ತಿ ಬಂದು, ಆ ದಿಕ್ಕಿಗೆ ತಿರುಗಿದಾಗ, ನೀರಿನ ತುದಿ ಹೊರಕೊಂಬೆಯ ಹುಟ್ಟಿನ ಕೆಳಭಾಗಕ್ಕೆ ಅಡ್ಡಡ್ಡ ಬಡಿಯುತ್ತಿತ್ತು. ಹುಳಗಳು ಅಲೆ ಎಬ್ಬಿಸಿದವು. ಜೆಟ್ ಮುಂದೆ ಹೋಯಿತು. ಗೆದ್ದೆವು ಎಂದುಕೊಂಡವೋ ಏನೋ, ಸುಮ್ಮನಾದವು. ಜೆಟ್ ಮತ್ತೆ ಬಂತು. ಮತ್ತೆ ಅಲೆ. ಪರದೆಯಿಂದ ಹುಳಗಳು ಮುದ್ದೆಮುದ್ದೆಯಾಗಿ ಉದುರುತ್ತಿದ್ದವು. ನೀರಿಗೆ ಬೆದರಿಕೆ ಅರ್ಥವಾಗುವುದಿಲ್ಲವಲ್ಲ. ಅದು ಹೆದರುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಎಷ್ಟು ಬೆದರಿಸಿದರೂ ಹೋಗದ ವೈರಿಗೆ ಕೊನೆಯ ಉತ್ತರವೆಂದರೆ ಮುಳ್ಳು, ಮತ್ತು ಅದು ಕೈಗೆ ಸಿಕ್ಕವರ ಮೇಲೆ. ಆ ಬಡಪಾಯಿ ಹುಳಗಳನ್ನು ನೋಡಿ ನನಗೆ ಕುಟುಕಿಸಿಕೊಂಡ ಸಿಟ್ಟೆಲ್ಲ ಇಳಿದುಹೋಯಿತು.

ಪಂಪಿನವನಿಗೆ ಪಂಪು ನಿಲ್ಲಿಸಲು ಹೇಳಿ, ಅವನನ್ನು ವಿಚಾರಿಸಿದೆ. ಮೊದಲ ದಿನ ಜೇನು ಎದ್ದಾಗ ಅವನು ಪಂಪು ನಿಲ್ಲಿಸಿ ಓಡಿದ್ದ. ಅರ್ಧಕ್ಕೆ ನಿಂತಿದ್ದ ಆ ಜಾಗದ ಸರದಿ ಅವತ್ತು ಮತ್ತೆ ಬಂದಿತ್ತು. ನಡುವಿನ ದಿನಗಳಲ್ಲಿ ಜೆಟ್ ಬೇರೆ ಕಡೆ ಇತ್ತು, ಜೇನು ಸುಮ್ಮನಿತ್ತು. ಇದಕ್ಕಿಂತ ಇನ್ನೇನು ಬೇಕು?

ಊದಿದ ಮುಖದಲ್ಲೇ ಗೌಡರ ಜಗಲಿಗೆ ಹೋದೆ. ಅವರು ಪೂರ್ತಿ ಕೇಳಿದರು.

"ಮೇಡಂ, ಮಲೆನಾಡಲ್ಲಿ ನೀರಿಗೆ ಜೇನು ಏಳುತ್ತೆ ಅಂದ್ರೆ ಯಾರಾದ್ರೂ ನಗ್ತಾರೆ. ಮಳೆಗಾಲದಲ್ಲಿ ಏನ್ ಕತೆ ಹಾಗಾದ್ರೆ?"

"ಮಳೆಗಾಲದಲ್ಲಿ ಅವು ಇಲ್ಲಿ ಇರೋದೇ ಇಲ್ಲ ಗೌಡ್ರೇ. ಮಳೆ ಹಿಡಿಯೋಕೆ ಮುಂಚೆ ಬಯಲುಸೀಮೆ ಕಡೆ ಹೋಗ್ತವೆ. ಹೂವಿನ ಕಾಲಕ್ಕೆ ವಾಪಸ್ ಬರ್ತವೆ, ಹೆಚ್ಚಾಗಿ ಅದೇ ಮರಕ್ಕೆ. ಹೂಮಳೆ ಮೇಲಿಂದ ಬೀಳುತ್ತೆ, ಕೊಂಬೆ ತಡೆಯುತ್ತೆ, ಮೈಮೇಲಿಂದ ಜಾರುತ್ತೆ. ನಿಮ್ಮ ಜೆಟ್ ಅಡ್ಡಕ್ಕೆ ಹೊಡೀತಿದೆ."

ಅವರ ಮುಖ ಬಿಗಿಯಾಯಿತು. "ನಿಮ್ಮ ಕೆಲಸ ಹೂವಿನ ಮೇಲೆ ಕೂರೋ ಹುಳ ಎಣಿಸೋದು. ನನ್ನ ಪಂಪಿನ ಸುದ್ದಿ ನಿಮಗೆ ಬೇಡ."

"ಎಣಿಸೋಕೆ ಹುಳ ಉಳೀಬೇಕಲ್ಲ?"

"ಇವತ್ತೂ ಆ ಮೇಸ್ತ್ರಿ ಗುಟ್ಟಾಗಿ ಬೆಂಕಿ ಹಾಕಿರ್ತಾಳೆ. ನಿಮ್ಮ ಮುಂದೆ ಇಲ್ಲ ಅಂತಾಳೆ."

"ಅವರ ಪಕ್ಕದಲ್ಲೇ ನಾನಿದ್ದೆ!" ನನ್ನ ದನಿ ಏರಿತ್ತು.

"ನಾಡಿದ್ದು ಅಮಾವಾಸ್ಯೆ. ಸೂಡಿಯವ್ರಿಗೆ ಹೇಳಾಗಿದೆ," ಎಂದು ಅವರು ಎದ್ದರು.

ಜಗಲಿಯಿಂದ ಇಳಿಯುವಾಗ ನನಗೆ ಅಳು ಬರುವಷ್ಟು ಸಿಟ್ಟು. ತಪ್ಪು ಹೊಗೆಯದ್ದು ಎಂದರೆ ಮೇಸ್ತ್ರಿ ಅಕ್ಕ ಹೋಗಬೇಕು, ಜೇನಿನದ್ದು ಎಂದರೆ ಜೇನು ಹೋಗಬೇಕು. ಜೆಟ್ ಮಾತ್ರ ನಿಂತಲ್ಲೇ ನಿಲ್ಲಬೇಕು. ಗೌಡರಿಗೆ ನನ್ನ ಮಾತು ಅರ್ಥವಾಗಿರಲಿಲ್ಲ ಎಂದಲ್ಲ. ಅರ್ಥವಾಗಿದ್ದಕ್ಕೇ ಎದ್ದು ಹೋದರು. ಹೇಳಿ ಫಲವಿಲ್ಲದವರಿಗೆ ತೋರಿಸಬೇಕು ಎಂದುಕೊಂಡೆ. ಹಾಗೆಂದು ಜೆಟ್ ಹಾಕಿ ತೋರಿಸುವಂತಿರಲಿಲ್ಲ, ಇನ್ನೊಬ್ಬರು ಆಸ್ಪತ್ರೆ ಸೇರುತ್ತಿದ್ದರು. ಉಳಿದದ್ದು ಹೊಗೆ. ಅಂಗಳದಿಂದಲೇ ತಿರುಗಿ ನಿಂತು ಕೂಗಿ ಹೇಳಿದೆ.

"ಗೌಡ್ರೇ, ನಾಳೆ ಬಿಸಿಲು ಬಂದ ಮೇಲೆ ಆ ಕಲ್ಲಿನ ಹತ್ರ ಕಾಫಿ ಕಾಯಿಸ್ತೀವಿ. ಪಂಪ್ ಮಾತ್ರ ನಿಲ್ಸಿರಿ. ಹೊಗೆಯೇ ಕಾರಣ ಆಗಿದ್ರೆ ನಮ್ಮನ್ನೇ ಕಚ್ಚಲಿ. ನೀವು ಬಂದು ನೋಡಿ."

"ಹುಚ್ಚಾ ನಿಮಗೆ?" ಎಂದರು ಒಳಗಿನಿಂದ.

ಮೇಸ್ತ್ರಿ ಅಕ್ಕನಿಗೆ ಹೇಳಿ, ಬರಲೇಬೇಕೆಂದಿಲ್ಲ ಎಂದೂ ಸೇರಿಸಿದೆ. ಅವರು ನನ್ನನ್ನೇ ಗದರಿದರು. "ಒಲೆ ನಂದು. ನೀವು ಬರದಿದ್ರೂ ನಾನು ಕಾಯಿಸ್ತಿದ್ದೆ."

ಬೆಳಿಗ್ಗೆ ಹುಳಗಳು ಚೆನ್ನಾಗಿ ಹಾರಾಡತೊಡಗಿದ ಮೇಲೆಯೇ ಇಳಿದೆವು. ನಿದ್ದೆಯಲ್ಲಿದ್ದ ಜೇನು ಎಂದು ಆಮೇಲೆ ಯಾರೂ ಹೇಳಬಾರದು. ಹಳೆಯ ಕಲ್ಲು, ಹಳೆಯ ಜಾಗ, ಎಂದಿನ ಪುಳ್ಳೆ ಸೌದೆ. ಕಂಬಳಿಗಳನ್ನು ಕೈಗೆಟುಕುವಂತೆ ಇಟ್ಟುಕೊಂಡೆವು. ಮೇಸ್ತ್ರಿ ಅಕ್ಕ ಊದುಗೊಳವೆಯಿಂದ ಊದಿದರು. ಹೊಗೆ ಎದ್ದು, ಬೂರುಗದ ಕಾಂಡ ಸವರಿ, ಹಳ್ಳದ ಗಾಳಿಗೆ ಚೆದುರಿತು. ನಾನು ಕಂಬಳಿಯ ಅಂಚು ಹಿಡಿದೇ ಕೂತಿದ್ದೆ. ಅದು ಧೈರ್ಯವಲ್ಲ, ಬರೀ ಹಠ. ಆ ಹೊತ್ತಿಗೆ ನಿಜವಾಗಿ ಒಂದು ಗಿಡುಗ ಬಂದಿದ್ದರೆ ನನ್ನ ವಾದವೂ ನಾನೂ ಒಟ್ಟಿಗೇ ಮುಗಿಯುತ್ತಿದ್ದೆವು.

ಮೇಲಿನ ರಸ್ತೆಯಲ್ಲಿ ಜೀಪು ಬಂದು ನಿಂತಿತು. ಗೌಡರು ಇಳಿದರು, ತೋಳಿನ ಮೇಲೆ ಎರಡು ಕಂಬಳಿ. ನಮಗೇನಾದರೂ ಆದೀತೆಂದು ಹೊದಿಸಲು ತಂದಿದ್ದರು. ಅವರ ಹಿಂದೆ ಹೆಂಗಸರೆಲ್ಲ ಗುಂಪಾಗಿ ನಿಂತರು, ಆಸ್ಪತ್ರೆಯಿಂದ ಬಂದವಳೂ.

ನೀರು ಕುದಿಯಿತು. ಪುಡಿ, ಬೆಲ್ಲ ಬಿತ್ತು. ಮೇಲೆ ಹುಟ್ಟುಗಳು ತಮ್ಮ ಪಾಡಿಗೆ ತಾವು ಗುಂಯ್‌ಗುಟ್ಟುತ್ತಿದ್ದವು. ಒಂದು ಹುಳವೂ ಕೆಳಗಿಳಿಯಲಿಲ್ಲ. ಮೇಸ್ತ್ರಿ ಅಕ್ಕ ಮೂರನೆಯ ಲೋಟ ತುಂಬಿ, ಕತ್ತೆತ್ತಿ ಕೂಗಿದರು.

"ಗೌಡ್ರೇ, ಕಾಫಿ ಆರ್ತದೆ!"

ಆ ಸೀಮೆಯಲ್ಲಿ ಕೊಟ್ಟ ಕಾಫಿಯನ್ನು ಬೇಡ ಎನ್ನುವುದು ಕೊಟ್ಟವರ ಮನೆಯನ್ನೇ ಬೇಡ ಎಂದಂತೆ. ವ್ಯಾಜ್ಯ ಹೂಡಿಕೊಂಡ ದಾಯಾದಿಗಳೂ ಕಾಫಿ ಕುಡಿದೇ ಜಗಳವಾಡುತ್ತಾರೆ. ಅದೂ ಅಷ್ಟು ಜನ ಆಳುಗಳ ಎದುರಿಗೆ. ಗೌಡರು ಒಂದು ಗಳಿಗೆ ನಿಂತರು. ಆಮೇಲೆ ಇಳಿಜಾರು ಇಳಿದು ಬಂದು, ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಲೋಟ ತೆಗೆದುಕೊಂಡರು. ಒಲೆಯ ಹೊಗೆ ಅವರ ಮುಖಕ್ಕೇ ಬಡಿಯುತ್ತಿತ್ತು.

ಒಂದು ಲೋಟ ಕಾಫಿ ಪ್ರಯೋಗವಾಗುವುದಿಲ್ಲ, ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಜೇನು ಸುಮ್ಮನಿದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವಳು. ಆದ್ದರಿಂದ ಪ್ರಯೋಗದ ಉಳಿದ ಅರ್ಧವನ್ನು ಗೌಡರಿಗೇ ಬಿಟ್ಟೆ.

"ಗೌಡ್ರೇ, ಆ ಜಾಗದ ನೀರು ಇನ್ನೂ ಮುಗಿದಿಲ್ಲ ಅಂದ್ರಲ್ಲ ಪಂಪಿನವರು. ಈಗ ಹಾಕ್ಸಿ. ಕಾಫಿ ಮುಗಿಯೋವರೆಗೆ ನಾವು ಮೂವರೂ ಇಲ್ಲೇ ಕೂತಿರೋಣ."

ಗೌಡರು ಕತ್ತೆತ್ತಿ ಹೊರಕೊಂಬೆಯ ಹುಟ್ಟು ನೋಡಿದರು. ಅಲ್ಲಿಂದ ರಸ್ತೆಯಂಚಿನಲ್ಲಿ ಅದೇ ಎತ್ತರಕ್ಕೆ ನಿಂತಿದ್ದ ಜೆಟ್ಟಿನ ಮೂತಿ ನೋಡಿದರು. ಪಂಪಿನವನು ಮೇಲಿನಿಂದ, "ಹಾಕ್ಲಾ ಗೌಡ್ರೇ?" ಎಂದು ಕೂಗಿದ.

"ಮುಟ್ಟಬೇಡ ಅದನ್ನ!" ಎಂದರು ಗೌಡರು. ಆ ದನಿಗೆ ನಾನೇ ಬೆಚ್ಚಿದೆ.

ಗೌಡರು ನಿಧಾನವಾಗಿ, ಕೊನೆಯ ಗುಟುಕಿನವರೆಗೆ ಕುಡಿದು, ಲೋಟ ಕೆಳಗಿಟ್ಟು, "ಬೆಲ್ಲ ಜಾಸ್ತಿ ಆಯ್ತು ಮೇಸ್ತ್ರಿ" ಎಂದು ಎದ್ದುಹೋದರು. ಮೇಸ್ತ್ರಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಹೊಗೆ ಕಣ್ಣಿಗೆ ಹೋಯಿತು ಎಂದರು.

ಮಧ್ಯಾಹ್ನ ಉದ್ದದ ಕಂಬ ಇಳಿಯಿತು. ಪೈಪನ್ನು ಮೊದಲಿನಂತೆ ಎರಡು ಕಡೆಗೆ ಹೊತ್ತರು. ಅಮಾವಾಸ್ಯೆಯ ದಿನ ಸೂಡಿಯವರು ಬಂದು, ಊಟ ಮಾಡಿ, ಬರಿಗೈಲಿ ಹೋದರು. ಹೂವಿನ ಕೆಲಸ ಮುಗಿಸಿ ನಾನು ಹೊರಟ ದಿನ ಗೌಡರು ಜೀಪಿನಲ್ಲಿ ಬಣಕಲ್ ಬಸ್ ಸ್ಟ್ಯಾಂಡಿನ ತನಕ ಬಿಟ್ಟು, "ಮುಂದಿನ ವರ್ಷ ಸಮೀಕ್ಷೆಗೆ ಬೇರೆ ತೋಟ ನೋಡ್ಕೊಳ್ಳಿ ಮೇಡಂ" ಎಂದರು. ಆಗಲಿ ಎಂದೆ. ಬೇಸರವಾಯಿತು, ಪಶ್ಚಾತ್ತಾಪ ಆಗಲಿಲ್ಲ. ಮಳೆಗೆ ಮುಂಚೆ ಜೇನೂ ಹೋದವಂತೆ, ಯಾರ ಅಪ್ಪಣೆಯನ್ನೂ ಕೇಳದೆ.

ಮರುವರ್ಷ ಬೂರುಗ ಹೂಬಿಡುವ ಹೊತ್ತಿಗೆ ನಾನು ಕಳಸದ ಕಡೆ ಇನ್ನೊಂದು ತೋಟದಲ್ಲಿದ್ದೆ. ಮೇಸ್ತ್ರಿ ಅಕ್ಕ ಫೋನು ಮಾಡಿದರು.

"ಬಂದ್ರು ಮೇಡಂ, ನಮ್ಮೋರು. ಅದೇ ಕೊಂಬೆ."

"ಜೆಟ್?"

"ಮತ್ತೆ ಉದ್ದ ಕಂಬ ನಿಲ್ಸಿದ್ರು ಕಣ್ರಿ. ಪೈಪ್ ಹೊರೋಕೆ ಆಳಿಲ್ಲ ಅಂತ."

"ಅಯ್ಯೋ! ನೀವೇನು ಮಾಡಿದ್ರಿ?"

"ನಾನೆಂತ ಮಾಡ್ಲಿ ಮಾರಾಯ್ರೆ? ಗೌಡ್ರ ಹತ್ರ ಹೋಗಿ, 'ನಾಳೆ ಮೇಡಂ ಬರ್ತಾರಂತೆ, ಅದೇ ಕಲ್ಲಿನ ಹತ್ರ ಕಾಫಿ ಇಡ್ಬೇಕಂತೆ, ನಿಮಗೂ ಒಂದು ಲೋಟ ಹೇಳಿದಾರೆ' ಅಂದೆ, ಅಷ್ಟೇ. ಸಂಜೆಗೆ ಕಂಬ ಇಳೀತು."